ನಲವತ್ತು ಸಾವಿರದಲ್ಲೊಂದು ಪಾಲು

ಹಂಚಿಕೆ ಬಂದ ಮೇಲೆ ಹುಬ್ಬಳ್ಳಿಯಲ್ಲಿ ಎದೆ ಬಡಿದುಕೊಂಡು ಅಳುವವರು ಇಲ್ಲವಾದರು. ಸಾವುಗಳೇನೂ ಕಡಿಮೆಯಾಗಿರಲಿಲ್ಲ. ಜನ ಮೊದಲಿನಂತೆಯೇ ಸಾಯುತ್ತಿದ್ದರು, ಹೆಣ ಮೊದಲಿನಂತೆಯೇ ಮನೆಯಿಂದ ಹೊರಡುತ್ತಿತ್ತು. ಹಿಂದೆ ಉಳಿದವರು ಮಾತ್ರ ಬಸ್ಸಿಗೆ ಕಾಯುವವರ ಹಾಗೆ ಅಂಗಳದಲ್ಲಿ ನಿಂತಿರುತ್ತಿದ್ದರು.

ಇದಕ್ಕೆಲ್ಲ ಕಾರಣ ಕಿವಿಯ ಹಿಂದೆ ಅಂಟಿಸಿಕೊಳ್ಳುವ, ಅಂಗಿಯ ಗುಂಡಿಯಷ್ಟಗಲದ ಒಂದು ಬಿಲ್ಲೆ. ಅದು ನರಗಳಲ್ಲಿ ಏಳುವ ನೋವು ದುಃಖಗಳನ್ನು ಅಳೆಯುತ್ತಿತ್ತು. ಒಂದು ಮಿತಿ ದಾಟಿತೆಂದರೆ ಮೇಲಿನ ಭಾಗವನ್ನು ಹೆರೆದು, ನಲವತ್ತು ಸಾವಿರ ಪಾಲು ಮಾಡಿ, ಅಷ್ಟೇ ಮಂದಿಯ ಬಿಲ್ಲೆಗಳಿಗೆ ಕಳಿಸುತ್ತಿತ್ತು. ಪಾಲು ತಲುಪಿದವರಿಗೆ ಸೊಳ್ಳೆ ಕಚ್ಚಿದಂತೆ ಆಗುತ್ತಿತ್ತು, ಅಷ್ಟೆ. ಬದಲಿಗೆ ಅವರೆಲ್ಲರ ದುಃಖದ ಚೂರುಗಳನ್ನು ನೀವೂ ಹೊರಬೇಕು. ಹಾಗಾಗಿ ಎಲ್ಲರ ಎದೆಯಲ್ಲೂ ಸದಾ ಒಂದು ಮಂಕು ಕವಿದಿರುತ್ತಿತ್ತು. ಹಿಟ್ಟಿನ ಗಿರಣಿಯ ಪಕ್ಕ ಮನೆ ಮಾಡಿದವರಿಗೆ ಗಿರಣಿಯ ಸದ್ದು ರೂಢಿಯಾಗುವಂತೆ ಜನಕ್ಕೆ ಅದು ರೂಢಿಯಾಗಿತ್ತು. ಮೊದಲ ವರ್ಷವೇ ನೇಣು ಹಾಕಿಕೊಳ್ಳುವವರ ಸಂಖ್ಯೆ ಅರ್ಧಕ್ಕೆ ಇಳಿಯಿತು. ಆಮೇಲೆ ಜನ ಸಾಲುಗಟ್ಟಿ ನಿಂತು ಬಿಲ್ಲೆ ಹಚ್ಚಿಸಿಕೊಂಡರು.

ಗೋಕುಲ ರಸ್ತೆಯ ಭಾರ ಕೇಂದ್ರದಲ್ಲಿ ಕುಳಿತು ಈ ದುಃಖದ ದಾರಿ ತಿದ್ದುವ ಎಂಜಿನಿಯರುಗಳಲ್ಲಿ ಅನಸೂಯಾ ಕುಂದಗೋಳ ಒಬ್ಬಳು. ಹಿಂದೆ ವಿದ್ಯುತ್ ಹಂಚುವ ಕೇಂದ್ರದಲ್ಲಿ ಕೆಲಸ ಮಾಡಿದವಳು. ಇದೂ ಅಂಥದೇ ಕೆಲಸ. ಗೋಡೆಯಗಲದ ಪರದೆಯ ಮೇಲೆ ಉತ್ತರ ಕರ್ನಾಟಕದ ನಕ್ಷೆ, ಅದರ ಮೇಲೆ ಅಲ್ಲಲ್ಲಿ ಎದ್ದು ತಗ್ಗುವ ದಿಬ್ಬಗಳು. ಬಸ್ಸು ಉರುಳಿದರೆ ಒಂದೇ ಕಡೆ ಐವತ್ತು ದಿಬ್ಬಗಳು ಒಟ್ಟಿಗೆ ಏಳುತ್ತಿದ್ದವು. ಆಗಲೇ ಭಾರವಾಗಿರುವ ಊರುಗಳ ಮೇಲೆ ಇನ್ನಷ್ಟು ಬೀಳದಂತೆ, ಹಗುರಾಗಿರುವ ಕಡೆಗೆ ಅದನ್ನು ಸಾಗಿಸಬೇಕು. ಯಾರ ದುಃಖ, ಏನಾಯಿತು ಎಂಬುದು ಪರದೆಯಲ್ಲಿ ಕಾಣುತ್ತಿರಲಿಲ್ಲ. ಕಾಣಬಾರದೆಂದೇ ನಿಯಮವಿತ್ತು.

ಫೆಬ್ರವರಿಯ ಒಂದು ಮಧ್ಯಾಹ್ನ ಅಣ್ಣಿಗೇರಿಯ ಹತ್ತಿರ, ರೈಲು ಹಳಿಯ ಗುಂಟ, ಒಂದು ದಿಬ್ಬ ಎದ್ದಿತು. ಒಬ್ಬನೇ ಮನುಷ್ಯನದು. ಸೂಜಿಯಂತೆ ಚೂಪಾಗಿತ್ತು. ಇಷ್ಟು ಚೂಪಾದದ್ದಕ್ಕೆ ಯಂತ್ರ ತಾನೇ ದಾರಿ ತೆಗೆಯುತ್ತಿರಲಿಲ್ಲ, ಎಂಜಿನಿಯರ ಒಪ್ಪಿಗೆ ಕೇಳುತ್ತಿತ್ತು. ಅನಸೂಯಾ ನಕ್ಷೆ ನೋಡಿದಳು. ಕಾರವಾರ, ಶಿರಸಿ ಆ ಹೊತ್ತಿಗೆ ಹಗುರಾಗಿದ್ದವು. ಹೆಚ್ಚಿನ ಪಾಲನ್ನು ಅಲ್ಲಿಗೆ ಕಳಿಸಿ, ಉಳಿದ ಚೂರನ್ನು ಹುಬ್ಬಳ್ಳಿಗೆ ಬಿಟ್ಟಳು. ಮರುಗಳಿಗೆ ಅವಳ ಎಡ ಭುಜದ ಎಲುಬಿನ ಕೆಳಗೆ ಚುರ್ ಎಂದಿತು. ತುರಿಸಿಕೊಂಡಳು. ಪರದೆಯ ಮೇಲಿನ ದಿಬ್ಬ ಸಪಾಟಾಯಿತು. ಸ್ವಲ್ಪ ಹೊತ್ತಿಗೆ ಆ ಗುರುತೇ ಅಳಿಸಿಹೋಯಿತು.

ಅವಳು ಚಹಾ ಕುಡಿಯುತ್ತಿರುವಾಗ ಫೋನು ಬಂತು. ಗಂಡನ ಕಚೇರಿಯ ಒಬ್ಬ ಗುಮಾಸ್ತ. ಗಂಡ ಚಿದಂಬರ ರೈಲ್ವೆಯಲ್ಲಿ ಸಿಗ್ನಲ್ ಎಂಜಿನಿಯರ್.

"ಮೇಡಮ್, ಕುಂದಗೋಳ ಸಾಹೇಬ್ರು ಅಣ್ಣಿಗೇರಿ ಹತ್ರ ಸಿಗ್ನಲ್ ಕಂಬ ನೋಡಾಕ ಹೋಗಿದ್ರು. ಅಲ್ಲೇ ಎದಿ ಹಿಡಕೊಂಡು ಕುಂತ್ರಂತ. ದವಾಖಾನಿಗೆ ಒಯ್ಯೂದ್ರೊಳಗ…" ಎಂದು ನಿಲ್ಲಿಸಿದ.

"ಎಷ್ಟೊತ್ತಿಗೆ?" ಎಂದಳು ಅನಸೂಯಾ.

ಅವನು ಹೊತ್ತು ಹೇಳಿದ. ಅವಳು ಪರದೆಯನ್ನು ನೋಡಿದಳು. "ಹೌದು," ಎಂದಳು.

ಪರದೆಯ ಮೇಲೆ ಹುಬ್ಬಳ್ಳಿಯಲ್ಲೇ, ಗೋಕುಲ ರಸ್ತೆಯ ಗುರುತಿನ ಮೇಲೆಯೇ, ಹೊಸ ದಿಬ್ಬವೊಂದು ಏಳತೊಡಗಿತು. ಪಕ್ಕದ ಮೇಜಿನ ಮಹಾಂತೇಶ ಅದನ್ನು ಕಂಡು, ಯಾರದೆಂದು ತಿಳಿಯದೆ, ಬೀದರಿನ ಕಡೆ ತಿರುಗಿಸಿದ. ಅನಸೂಯಾ ತನ್ನ ದಿಬ್ಬ ತಗ್ಗುವುದನ್ನು ಕಣ್ಣಾರೆ ನೋಡುತ್ತ ನಿಂತಳು. ಗಂಟಲವರೆಗೆ ಬಂದದ್ದು ಅಲ್ಲೇ ಕರಗಿ ಮಾಯವಾಯಿತು. ಕೈಯಲ್ಲಿದ್ದ ಚಹಾ ಇನ್ನೂ ಬಿಸಿಯಾಗಿತ್ತು. ಪೂರ್ತಿ ಕುಡಿದಳು.

"ಮಹಾಂತೇಶ, ನಾ ಮನಿಗೆ ಹೋಗಬೇಕು. ನಮ್ಮವರು ತೀರಿಕೊಂಡಾರ," ಎಂದಳು. "ಸಂಜೀಮುಂದ ವಿಜಯಪುರದ ಭಾರ ಏರ್ತೈತಿ. ನೋಡ್ಕೋರಿ."

"ನೋಡ್ಕೋತೇನ್ರಿ ಮೇಡಮ್," ಎಂದ ಅವನು. ಅವನ ಮುಖದಲ್ಲಿ ಏನೋ ಒಂದು ಏಳಲು ನೋಡಿ, ಏಳದೆ, ಮಲಗಿತು.

ಮನೆಯಲ್ಲಿ ಎಲ್ಲ ಅಚ್ಚುಕಟ್ಟಾಗಿ ನಡೆಯಿತು. ಯಾರೂ ಮೂರ್ಛೆ ಹೋಗಲಿಲ್ಲ, ಯಾರೂ ಯಾರನ್ನೂ ಹಿಡಿದುಕೊಳ್ಳಬೇಕಾಗಲಿಲ್ಲ. ಬಂಧುಗಳಲ್ಲಿ ಬಹಳ ಮಂದಿ ಬರಲೂ ಇಲ್ಲ. ಹಂಚಿಕೆಯ ಜಾಲದಲ್ಲಿ ಚಿದಂಬರನ ಭಾವಚಿತ್ರದ ಕೆಳಗೆ 'ಪಾಲು ತಗೊಂಡೆ' ಎಂದು ಒತ್ತಿದವರು ಸಾವಿರಾರು. ಪಾಲು ತಗೊಂಡ ಮೇಲೆ ಬಂದು ಮಾಡುವುದೇನು ಎಂಬುದು ಈಗಿನ ರೀತಿ. ಅನಸೂಯಾಳಿಗೂ ಅದು ಸರಿಯಾಗಿಯೇ ಕಂಡಿತು. ಅವಳೂ ಎಷ್ಟೋ ಸಾವುಗಳಿಗೆ ಹಾಗೇ ಒತ್ತಿದ್ದಳು.

ಅಡ್ಡಿಯಾದದ್ದು ಮಗಳು ಒಬ್ಬಳೇ. ಚಿತ್ಕಲಾಳಿಗೆ ಹತ್ತು ವರ್ಷ. ಬೆಳೆಯುವ ಮಿದುಳಿಗೆ ತೊಂದರೆ ಎಂದು ಹದಿನಾಲ್ಕು ತುಂಬುವವರೆಗೆ ಮಕ್ಕಳಿಗೆ ಬಿಲ್ಲೆ ಹಚ್ಚುತ್ತಿರಲಿಲ್ಲ. ತಂದೆಯ ಕಾಲನ್ನು ಹಿಡಿದುಕೊಂಡು ಅವಳು ಕಿರುಚಿದ ದನಿಗೆ ಮನೆ ತುಂಬ ಇದ್ದವರು ಗಾಬರಿಯಾದರು. ಅಂಥ ದನಿಯನ್ನು ಕೇಳಿ ಅವರಿಗೆಲ್ಲ ಎಷ್ಟೋ ಕಾಲವಾಗಿತ್ತು.

"ಪಾಪ, ಬಿಲ್ಲೆ ಇಲ್ಲಲ್ಲ ಕೂಸಿಗೆ," ಎಂದಳು ಪಕ್ಕದ ಮನೆಯ ಶಾರದಕ್ಕ, ಜ್ವರ ಬಂದವರ ಬಗ್ಗೆ ಹೇಳುವಂತೆ.

ಅನಸೂಯಾ ಮಗಳ ಪಕ್ಕದಲ್ಲಿ ಕುಳಿತು ಬೆನ್ನು ಸವರಿದಳು. ತಾಯಿ ಮಾಡಬೇಕಾದದ್ದು ಅದು ಎಂದು ಅವಳಿಗೆ ಗೊತ್ತಿತ್ತು. ಕೈ ಮೇಲೆ ಕೆಳಗೆ ಆಡುತ್ತಿತ್ತು. ಚಿತ್ಕಲಾ ತಲೆಯೆತ್ತಿ ತಾಯಿಯ ಮುಖ ನೋಡಿದಳು, ಬಹಳ ಹೊತ್ತು ನೋಡಿದಳು, ಆಮೇಲೆ ಆ ಕೈಯನ್ನು ತನ್ನ ಬೆನ್ನಿನಿಂದ ತೆಗೆದು ಪಕ್ಕಕ್ಕೆ ಇಟ್ಟಳು.

ಮೂರನೆಯ ದಿನ ಸಂಜೆ ನಾಲ್ವರು ಗಂಡಸರು ಬಾಗಿಲಿಗೆ ಬಂದರು. ಎಲ್ಲರೂ ವಯಸ್ಸಾದವರು, ಎಲ್ಲರೂ ಕಪ್ಪು ಕೋಟು ತೊಟ್ಟವರು. ಮುಂದೆ ನಿಂತಿದ್ದ ಹಲ್ಲಿನ ಡಾಕ್ಟರ್ ಇಮಾಮಸಾಬ ಸವಣೂರರನ್ನು ಅನಸೂಯಾ ಗುರುತಿಸಿದಳು. ಇವರು ಲಾಡ್ಜಿನವರು.

ಗದಗ ರಸ್ತೆಯ ರೈಲ್ವೆ ಕ್ವಾರ್ಟರ್ಸ್ ಹಿಂದೆ, ಬ್ರಿಟಿಷರ ಕಾಲದ ಎಂಜಿನ್ ಡ್ರೈವರುಗಳು ಕಟ್ಟಿದ ಒಂದು ಕಲ್ಲಿನ ಬಂಗಲೆ ಇತ್ತು. 'ರೈಲ್ವೆ ಸೋದರ ಲಾಡ್ಜ್' ಎಂದು ಅದರ ಹೆಸರು. ಪ್ರಮಾಣ ಮಾಡಿ ಒಬ್ಬರಿಗೊಬ್ಬರು ಸೋದರರಾದವರ ಗುಪ್ತ ಸಂಘ ಅದು. ಲಾಡ್ಜ್ ಎಂಬ ಬೋರ್ಡು ಕಂಡು, ಬ್ಯಾಗು ಹಿಡಿದು ಬಂದು "ರೂಮ್ ಖಾಲಿ ಐತೇನ್ರಿ?" ಎಂದು ಕೇಳುವವರು ತಿಂಗಳಿಗೆ ಒಬ್ಬರಾದರೂ ಇರುತ್ತಿದ್ದರು. ಒಳಗೆ ಏನು ನಡೆಯುತ್ತದೆಂದು ಹೊರಗಿನವರಿಗೆ ಹೇಳುವಂತಿಲ್ಲ, ಹೆಂಗಸರು ಬರುವಂತಿಲ್ಲ, ಬಿಲ್ಲೆ ಹಚ್ಚಿಕೊಂಡು ಹೋಗುವಂತಿಲ್ಲ. ಹೀಗಾಗಿ ಓಣಿಯವರು ಅದನ್ನು ಭೂತದ ಬಂಗಲೆ ಎನ್ನುತ್ತಿದ್ದರು. ಸದಸ್ಯರು ಹನ್ನೊಂದು ಮಂದಿ ಉಳಿದಿದ್ದರು. ಅವರಲ್ಲಿ ಚಿದಂಬರನೇ ಎಲ್ಲರಿಗಿಂತ ಚಿಕ್ಕವ.

"ಕಿವಿ ಹಿಂದ ನಲವತ್ತು ಸಾವಿರ ಮಂದಿ ಇರೂಮುಂದ ಈ ಮುದುಕರ ಸಂಗ ನಿಮಗ್ಯಾಕ ಬೇಕು?" ಎಂದು ಅವಳು ಒಮ್ಮೆ ಗಂಡನನ್ನು ಕೇಳಿದ್ದಳು. "ಆ ನಲವತ್ತು ಸಾವಿರದಾಗ ಒಬ್ಬರ ಹೆಸರರೆ ಗೊತ್ತೈತೇನು ನಿನಗ?" ಎಂದಿದ್ದ ಅವನು. ಹೆಸರು ಗೊತ್ತಿದ್ದು ಆಗಬೇಕಾದದ್ದೇನು ಎಂದು ಅವಳಿಗೆ ಅನ್ನಿಸಿತ್ತು.

"ವೈನಿ, ಒಳಗ ಬರೂಣೇನ್ರಿ?" ಎಂದರು ಡಾಕ್ಟರು. ಲಾಡ್ಜಿನ ಸೋದರರ ಹೆಂಡತಿಯರೆಲ್ಲ ಅವರಿಗೆ ವೈನಿಯರೇ. ಎಪ್ಪತ್ತು ದಾಟಿದ ಮನುಷ್ಯ ತನ್ನನ್ನು ಅಣ್ಣನ ಹೆಂಡತಿಯಂತೆ ಕರೆಯುವುದು ಅವಳಿಗೆ ಹಿಂದೆ ನಗು ತರಿಸುತ್ತಿತ್ತು.

ನಾಲ್ವರೂ ಪಡಸಾಲೆಯಲ್ಲಿ ಕುಳಿತರು. ಏನೂ ಮಾತಾಡಲಿಲ್ಲ. ಚಹಾ ಕೊಟ್ಟರೆ ಕುಡಿದರು. ಕತ್ತಲಾಗುವ ಹೊತ್ತಿಗೆ ಎದ್ದು ಕೈ ಮುಗಿದು ಹೋದರು. ಮರುದಿನ ಸಂಜೆ ಮತ್ತೆ ಬಂದರು. ಅದರ ಮರುದಿನವೂ ಬಂದರು.

ಮೂರನೆಯ ಸಲ ಅನಸೂಯಾ ಕೇಳಿಯೇಬಿಟ್ಟಳು. "ಡಾಕ್ಟರ್ರ, ತಪ್ಪು ತಿಳೀಬ್ಯಾಡ್ರಿ. ನೀವೆಲ್ಲಾರೂ ಪಾಲು ತಗೊಂಡದ್ದು ಜಾಲದಾಗ ಬಂದೈತಿ. ನನಗ ಏನೂ ತ್ರಾಸಿಲ್ಲ. ದಿನಾ ಇಷ್ಟು ದೂರ ಯಾಕ ಬರ್ತೀರಿ?"

ಡಾಕ್ಟರು ಚಹಾದ ಕಪ್ಪು ಕೆಳಗಿಟ್ಟರು. "ಬರಬೇಕಂತ ಪ್ರಮಾಣ ಮಾಡೇವ್ರಿ ವೈನಿ. ಸೋದರ ಹೋದ್ರ ಅವನ ಮನ್ಯಾಗ ಹೋಗಿ ಕೂಡಬೇಕು. ಬಂದು ಏನು ಮಾಡಬೇಕು ಅಂತ ಪ್ರಮಾಣದಾಗ ಇಲ್ಲ. ಅದಕ್ಕ ಸುಮ್ನ ಕೂಡ್ತೇವಿ."

ಅವರ ಕಾಲ ಬಳಿ ಚಾಪೆಯ ಮೇಲೆ ಚಿತ್ಕಲಾ ಕುಳಿತಿದ್ದಳು. ಅವರು ಬಂದ ಹೊತ್ತಿನಲ್ಲಿ ಮಾತ್ರ ಅವಳು ತನ್ನ ಕೋಣೆಯಿಂದ ಹೊರಗೆ ಬರುತ್ತಿದ್ದಳು. ನಾಲ್ವರಲ್ಲಿ ಒಬ್ಬನಾದ ನಿವೃತ್ತ ಎಂಜಿನ್ ಡ್ರೈವರ್ ವೆಂಕೋಬಣ್ಣ ಬಟ್ಟಲಿನಲ್ಲಿ ಒಗ್ಗರಣೆ ಅವಲಕ್ಕಿ ಹಿಡಿದು ಅವಳ ಮುಂದೆ ಇಡುತ್ತಿದ್ದ. ಒಂದೆರಡು ತುತ್ತು ತಿನ್ನುತ್ತಿದ್ದಳು. ಉಳಿದ ಹೊತ್ತು ತಾಯಿ ಎಷ್ಟು ಕರೆದರೂ ಊಟಕ್ಕೆ ಬರುತ್ತಿರಲಿಲ್ಲ.

ಅನಸೂಯಾ ಇದನ್ನೆಲ್ಲ ಗಮನಿಸಿದಳು. ಮಗಳು ಸೊರಗುತ್ತಿದ್ದಾಳೆ ಎಂದು ಅವಳಿಗೆ ತಿಳಿಯುತ್ತಿತ್ತು. ತಿಳಿದದ್ದು ತಲೆಯಲ್ಲೇ ಉಳಿಯುತ್ತಿತ್ತು, ಎದೆಯವರೆಗೆ ಇಳಿಯುತ್ತಿರಲಿಲ್ಲ. ಇಳಿಯಲು ಹೊರಟದ್ದನ್ನು ದಾರಿಯಲ್ಲೇ ಯಾರೋ ಎತ್ತಿಕೊಂಡು ಹೋಗುತ್ತಿದ್ದರು.

ಶಾಲೆಯಿಂದ ದೂರು ಬಂತು. ಚಿತ್ಕಲಾ ತರಗತಿಯಲ್ಲಿ ಅಳುತ್ತಾಳೆ, ಉಳಿದ ಮಕ್ಕಳು ಹೆದರುತ್ತಾರೆ ಎಂದು. ಭಾರ ಕೇಂದ್ರದ ನಿರ್ದೇಶಕ ಹೇಮಂತ ಕಾರಟಗಿಗೂ ಸುದ್ದಿ ಮುಟ್ಟಿತು. ಅವರು ಅನಸೂಯಾಳನ್ನು ಕೋಣೆಗೆ ಕರೆದು ಕುರ್ಚಿ ತೋರಿಸಿದರು.

"ನಿಮ್ಮ ಮಗಳಿಗೆ ಬಿಲ್ಲೆ ಹಚ್ಚಿಸೋಣ. ವಿಶೇಷ ಪ್ರಕರಣ ಅಂತ ನಾನೇ ಮಂಡಳಿಗೆ ಬರೀತೇನಿ," ಎಂದರು. "ಹೆಂಗಿದ್ರೂ ಬರೂ ಜೂನಿಗೆ ಎಲ್ಲಾ ಮಕ್ಕಳಿಗೂ ಬರೂದೈತಿ. ನಿಮಗ ಗೊತ್ತೈತಲ್ಲ, ಭಾರ ವರ್ಷಾ ವರ್ಷಾ ಏರಾಕತ್ತೈತಿ."

ಅವಳಿಗೆ ಗೊತ್ತಿತ್ತು. ಹಂಚಿದ ದುಃಖ ಕರಗುತ್ತದೆಂದು ಮೊದಲು ಎಲ್ಲರೂ ನಂಬಿದ್ದರು. ಒಬ್ಬನೇ ಅತ್ತು ತೀರಿಸಿಕೊಂಡಿದ್ದರೆ ಒಂದು ವರ್ಷಕ್ಕೆ ಕರಗಬಹುದಾಗಿದ್ದದ್ದು, ನಲವತ್ತು ಸಾವಿರ ಚೂರಾದ ಮೇಲೆ ಯಾರ ಅಳುವಿಗೂ ನಿಲುಕದೆ ಹಾಗೇ ಉಳಿಯುತ್ತಿತ್ತು. ಊರುಗಳ ನೆಲಮಟ್ಟವೇ ಮೆಲ್ಲಗೆ ಮೇಲೇರುತ್ತಿತ್ತು. ಹೊರಲು ಹೊಸ ಹೆಗಲು ಬೇಕಾಗಿದ್ದವು.

"ಆಗಲಿ ಸರ್," ಎಂದಳು ಅನಸೂಯಾ.

ಮನೆಗೆ ಬಂದು ಮಗಳಿಗೆ ಹೇಳಿದಳು. "ಸೋಮವಾರ ಬಿಲ್ಲೆ ಹಚ್ಚಿಸಿಕೊಂಡು ಬರೂಣು. ಸೊಳ್ಳೆ ಕಚ್ಚಿದಷ್ಟೂ ನೋವಾಗೂದಿಲ್ಲ. ಆಮ್ಯಾಲೆ ನಿನಗ ಆರಾಮ ಅನಸ್ತೈತಿ."

ಚಿತ್ಕಲಾ ಗೋಡೆಗೆ ಒರಗಿ ನಿಂತಳು. "ನಿನ್ನಂಗ ಆಗ್ತೇನೇನು?"

"ಹೌದು, ನನ್ನಂಗ."

"ನನಗ ಬ್ಯಾಡ."

"ಯಾಕ?"

"ಅಪ್ಪನ್ನ ಮಂದಿಗೆ ಹಂಚಿಬಿಡ್ತಾರ. ನನ್ನ ಹತ್ರ ಏನ್ ಉಳೀತೈತಿ?" ಎಂದಳು ಹುಡುಗಿ. ಆಮೇಲೆ, "ಅವ್ವಾ, ನಿನ್ನ ಹತ್ರ ಅಪ್ಪ ಎಷ್ಟು ಉಳದಾನ?" ಎಂದು ಕೇಳಿದಳು.

ಅನಸೂಯಾ ಲೆಕ್ಕ ಹಾಕಲು ಹೋದಳು. ಅದು ಅವಳ ವೃತ್ತಿಯ ಅಭ್ಯಾಸ. ಅಡುಗೆ ಮನೆಗೆ ಹೋಗಿ ಅಕ್ಕಿ ತೊಳೆದಳು.

ಭಾನುವಾರ ಸಂಜೆ ಚಿತ್ಕಲಾ ಮನೆಯಲ್ಲಿರಲಿಲ್ಲ. ಶಾರದಕ್ಕನ ಮನೆಯಲ್ಲಿ ಇರಲಿಲ್ಲ, ಓಣಿಯ ತುದಿಯ ಅಂಗಡಿಯಲ್ಲೂ ಇರಲಿಲ್ಲ. ಬೇರೆ ಯಾರಾದರೂ ತಾಯಿಯಾಗಿದ್ದರೆ, ಬೇರೆ ಕಾಲವಾಗಿದ್ದರೆ, ಬೀದಿಯಲ್ಲಿ ಓಡುತ್ತಿದ್ದಳು. ಅನಸೂಯಾ ನಡೆದಳು. ಮಗಳು ಇರಬಹುದಾದ ಜಾಗಗಳನ್ನು ಒಂದೊಂದಾಗಿ ಯೋಚಿಸಿ ಬಿಡುತ್ತ ಹೋಗಿ, ಕೊನೆಗೆ ಆಟೋ ಹತ್ತಿ ಗದಗ ರಸ್ತೆಗೆ ಬಂದಳು.

ಲಾಡ್ಜಿನ ಬಾಗಿಲಲ್ಲಿ ವೆಂಕೋಬಣ್ಣ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಬಾಗಿಲು ಕಾಯುವ ಸರದಿ ಅವನದು.

"ಚಿತ್ಕಲಾ ಬಂದಾಳೇನ್ರಿ?"

"ಬಂದಾಳ್ರಿ ವೈನಿ. ಒಳಗ ಕುಂತಾಳ. ಬಿಲ್ಲೆ ಇಲ್ಲದ ಕೂಸನ್ನ ಏನಂತ ತಡೀಲಿ ನಾ?"

"ಕರೀರಿ, ಮನಿಗೆ ಹೋಗಬೇಕು."

"ಚಿದಂಬರನ ನೆನಪಿನ ಸಭಾ ನಡದೈತ್ರಿ. ನಡುವ ಎಬ್ಬಸೂದಿಲ್ಲ." ವೆಂಕೋಬಣ್ಣ ಎದ್ದು ನಿಂತ. "ನೀವ ಒಳಗ ಹೋಗ್ರಿ. ಆದ್ರ ಅದನ್ನ ಇಲ್ಲೆ ಬಿಡಬೇಕಾಗ್ತೈತಿ." ತನ್ನ ಕಿವಿಯ ಹಿಂದೆ ಬೆರಳಿಟ್ಟು ತೋರಿಸಿದ. ಅಲ್ಲಿ ಬಿಲ್ಲೆ ತೆಗೆದ ಕೆಂಪು ಗುರುತಿತ್ತು.

ಬಿಲ್ಲೆ ತೆಗೆದರೆ ಏನಾಗುತ್ತದೆಂದು ಅನಸೂಯಾಳಿಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಬಹಳ ಮಂದಿ ಇರಲಿಲ್ಲ. ಬಿಲ್ಲೆ ದುಃಖದ ತುದಿಯನ್ನಷ್ಟೇ ಹೆರೆಯುತ್ತದೆ, ಬೇರು ಹಾಗೇ ಇರುತ್ತದೆ. ತೆಗೆದ ಸ್ವಲ್ಪ ಹೊತ್ತಿಗೆ ಅದು ಮೊದಲ ದಿನದ ಎತ್ತರಕ್ಕೆ ಮತ್ತೆ ಬೆಳೆದು ನಿಲ್ಲುತ್ತದೆ. ಸಾವಾದ ಮನೆಯವರು ಒಂದು ವರ್ಷ ಬಿಲ್ಲೆ ತೆಗೆಯಬಾರದು ಎಂಬ ಎಚ್ಚರಿಕೆಯ ಮಾತನ್ನು ಕೇಂದ್ರದ ಪರವಾಗಿ ಅವಳೇ ಎಷ್ಟೋ ಸಲ ಜನರಿಗೆ ಹೇಳಿದ್ದಳು.

ಒಳಗಿನಿಂದ ಯಾರೋ ಮಾತಾಡುವುದು ಕೇಳಿಸುತ್ತಿತ್ತು. ಆಮೇಲೆ ಚಿತ್ಕಲಾಳ ದನಿ. ಏನು ಹೇಳುತ್ತಿದ್ದಾಳೆಂದು ತಿಳಿಯಲಿಲ್ಲ. ಮನೆಯಲ್ಲಿ ಇಷ್ಟು ದಿನ ಆ ದನಿಯೇ ಇರಲಿಲ್ಲ. ಅನಸೂಯಾ ಉಗುರಿನಿಂದ ಬಿಲ್ಲೆಯ ಅಂಚನ್ನು ಎಬ್ಬಿಸಿ ಕಿತ್ತಳು. ವೆಂಕೋಬಣ್ಣ ಅಂಗೈ ಚಾಚಿದ. ಅದರ ಮೇಲೆ ಇಟ್ಟಳು.

ಒಳಗೆ ದೊಡ್ಡ ಕೋಣೆ, ಎತ್ತರದ ಕಿಟಕಿಗಳು, ಗೋಡೆಗುಂಟ ಹಳೆಯ ಬೆಂಚುಗಳು. ನಡುವೆ ಒಂದು ಖಾಲಿ ಕುರ್ಚಿಯ ಮೇಲೆ, ಸೋದರರು ಸಭೆಯಲ್ಲಿ ತೊಡುವ ನೀಲಿ ಪಟ್ಟಿ ಹೊದಿಸಿದ್ದರು. ಅನಸೂಯಾ ಬಂದದ್ದನ್ನು ಕಂಡು ಜವಳಿ ಅಂಗಡಿಯ ಫಕೀರಪ್ಪ ಎದ್ದು ನಿಂತ.

"ಡಾಕ್ಟರ್ರ, ಈ ಬಾಗಲಾ ಹೆಂಗಸರು ಇದುವರೆಗೂ ದಾಟಿದ್ದಿಲ್ಲ," ಎಂದ.

"ಇವತ್ತು ದಾಟಿದ್ರು. ಕುಂದ್ರು ಫಕೀರಪ್ಪ," ಎಂದರು ಡಾಕ್ಟರು.

ಅನಸೂಯಾ ಮಗಳ ಪಕ್ಕದ ಬೆಂಚಿನಲ್ಲಿ ಕುಳಿತಳು. ಚಿತ್ಕಲಾ ತಿರುಗಿ ತಾಯಿಯ ಕಿವಿಯ ಹಿಂದೆ ನೋಡಿದಳು.

ಡಾಕ್ಟರು ಖಾಲಿ ಕುರ್ಚಿಯ ಎದುರು ನಿಂತು, "ಸೋದರ ಚಿದಂಬರ ಕುಂದಗೋಳ," ಎಂದು ಕರೆದರು. ಉತ್ತರ ಬರುವಷ್ಟು ಹೊತ್ತು ಕಾದರು. ಮತ್ತೆ ಕರೆದು ಕಾದರು. ಮೂರನೆಯ ಸಲ ಕರೆದಾಗ ಅವರ ದನಿ ಒಡೆಯಿತು, ಅವರು ಅದನ್ನು ಮುಚ್ಚಿಕೊಳ್ಳಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎದ್ದು, ಸತ್ತವನದು ತಾವು ಏನನ್ನು ಇಟ್ಟುಕೊಳ್ಳುತ್ತೇವೆಂದು ಹೇಳತೊಡಗಿದರು. ಅದು ಅಲ್ಲಿನ ಪದ್ಧತಿ.

ಬಾಗಿಲಿನಿಂದಲೇ ವೆಂಕೋಬಣ್ಣ ಹೇಳಿದ. "ನನ್ನ ಹೆಂಡ್ತಿ ದವಾಖಾನ್ಯಾಗ ಇದ್ದಾಗ ದಿನಾ ಮುಂಜಾನೆ ಗಂಜಿ ತಂದು ಕೊಡ್ತಿದ್ದ. ಉಪ್ಪು ಹಾಕೂದು ದಿನಾ ಮರೀತಿದ್ದ. ಆಕಿ ಒಮ್ಮೆನೂ ಹೇಳಲಿಲ್ಲ. ಆ ಸಪ್ಪನ್ ಗಂಜಿ ನಾ ಇಟ್ಕೋತೇನಿ."

ಗಂಡ ಆಗೆಲ್ಲ ನಸುಕಿನಲ್ಲಿ ಅಡುಗೆ ಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದದ್ದು ಅನಸೂಯಾಳಿಗೆ ನೆನಪಾಯಿತು. ಅವನು ಯಾರಿಗಾಗಿ ಏನು ಬೇಯಿಸುತ್ತಿದ್ದಾನೆಂದು ಅವಳು ಕೇಳಿರಲಿಲ್ಲ.

"ಇಸ್ಪೀಟಿನ್ಯಾಗ ಮೋಸ ಮಾಡ್ತಿದ್ದ," ಎಂದ ಫಕೀರಪ್ಪ. "ಸಿಕ್ಕಿಬಿದ್ರ ಪೂರಾ ಮೈ ಅಲುಗಾಡಿಸಿ ನಗ್ತಿದ್ದ. ಆ ನಗು ನನ್ನದು."

ಚಿತ್ಕಲಾ ಎದ್ದು ನಿಂತಳು. "ಅಪ್ಪ ನನಗ ಸೈಕಲ್ ಕಲಿಸಾಕತ್ತಿದ್ದ. ನನಗ ಇನ್ನೂ ಪೂರಾ ಬಂದಿಲ್ಲ," ಎಂದಳು. ಕುಳಿತಳು. ಅತ್ತಳು. ಯಾರೂ ಅವಳನ್ನು ಸುಮ್ಮನಿರು ಎನ್ನಲಿಲ್ಲ.

ಎಲ್ಲರೂ ಅನಸೂಯಾಳ ಕಡೆ ನೋಡಿದರು. ಅವಳು ಎದ್ದಳು. ಕಿವಿಯ ಹಿಂದೆ ನವೆಯಾಗುತ್ತಿತ್ತು, ಬೇರೇನೂ ಆಗುತ್ತಿರಲಿಲ್ಲ. ಎದೆಯಲ್ಲಿ ಸದಾ ಇದ್ದ ಮಂಕು ಹೋಗಿ, ಅಲ್ಲಿ ಬರಿಯ ಜಾಗವಿತ್ತು. ಕೇಂದ್ರದಲ್ಲಿ ವರದಿ ಒಪ್ಪಿಸುವ ದನಿಯಲ್ಲೇ ಮಾತಾಡಿದಳು.

"ಅವರು ಹೋದಾಗ ನಾ ಡ್ಯೂಟಿ ಮ್ಯಾಲಿದ್ದೆ. ಅವರ ನೋವು ನನ್ನ ಪರದೆ ಮ್ಯಾಲೆ ಬಂತು. ಯಾರದಂತ ಗೊತ್ತಿರಲಿಲ್ಲ. ಕಾರವಾರಕ್ಕ ಕಳಿಸಿದೆ, ಶಿರಸಿಗೆ ಕಳಿಸಿದೆ. ಅದರಾಗ ಒಂದು ಪಾಲು ನನಗೂ ಬಂತು. ಇಲ್ಲೆ ಬಂತು." ಅವಳು ಎಡ ಭುಜದ ಕೆಳಗೆ ಕೈಯಿಟ್ಟಳು. "ಬಂದಾಗ ನಾ ಅದನ್ನ ತುರಿಸ್ಕೊಂಡೆ."

ದುಃಖ ಒಮ್ಮೆಲೇ ಬಂತು. ಬೆಂಚು ಹಿಡಿಯಲು ಹೋದಳು, ಬೆಂಚು ಸಿಗಲಿಲ್ಲ. ಬಾಯಿಂದ ಹೊರಟ ಸದ್ದು ತನ್ನದೆಂದು ಅವಳಿಗೆ ತಕ್ಷಣ ಗೊತ್ತಾಗಲಿಲ್ಲ. ಅಣ್ಣಿಗೇರಿಯ ಬಿಸಿಲಿನಲ್ಲಿ ಕಂಬಕ್ಕೆ ಒರಗಿ ಕುಳಿತ ಗಂಡ ಕಂಡ. ಅವನ ಎದೆಯ ಅಷ್ಟೂ ನೋವನ್ನು ಯಾರ್ಯಾರದೋ ಮೈಗೆ ಕಳಿಸಿ, ಅವನನ್ನು ಅಲ್ಲಿ ಒಬ್ಬನೇ ಬಿಟ್ಟದ್ದು ಕಂಡಿತು. ನೆಲದ ಮೇಲೆ ಬಿದ್ದವಳನ್ನು ಯಾರೂ ಎತ್ತಲು ಅವಸರ ಮಾಡಲಿಲ್ಲ. ಡಾಕ್ಟರು ಕಷ್ಟಪಟ್ಟು ಮಂಡಿ ಮಡಚಿ ಪಕ್ಕದಲ್ಲಿ ಕುಳಿತರು. ಫಕೀರಪ್ಪ ಇನ್ನೊಂದು ಪಕ್ಕದಲ್ಲಿ ಕುಳಿತ. ಚಿತ್ಕಲಾ ಹತ್ತಿರ ಬಂದು ತಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಹಾಗೇ ಹಿಡಿದುಕೊಂಡಳು.

ಹೊರಡುವಾಗ ವೆಂಕೋಬಣ್ಣ ಬಿಲ್ಲೆಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಕೊಟ್ಟ.

"ಹಚ್ಕೊಳ್ಳೂದು ಬಿಡೂದು ನಿಮಗ ಸೇರಿದ್ದು," ಎಂದರು ಡಾಕ್ಟರು. "ನಾವೂ ಹೊರಗ ಹೋದ ಮ್ಯಾಲೆ ಹಚ್ಕೋತೇವ್ರಿ. ಸುಳ್ಳು ಯಾಕ ಹೇಳಲಿ? ದಿನಪೂರ್ತಿ ತಡಕೊಳ್ಳೂ ತಾಕತ್ತು ನಮಗಿಲ್ಲ. ಈ ಕೋಣ್ಯಾಗ ಇದ್ದಷ್ಟು ಹೊತ್ತು ತಡಕೋತೇವಿ, ಹಿಡಕೊಳ್ಳಾಕ ಮಂದಿ ಇರ್ತಾರಂತ."

ಅವಳು ಹಚ್ಚಿಕೊಳ್ಳಲಿಲ್ಲ. ಧೈರ್ಯದಿಂದ ಬಿಟ್ಟಳು ಎಂದು ಹೇಳಲಾಗದು. ಮಗಳು ಕೈ ಹಿಡಿದಿದ್ದಳು, ಡಬ್ಬಿ ತೆರೆಯಲು ಎರಡು ಕೈ ಬೇಕಿತ್ತು.

ಸೋಮವಾರ ಅವಳು ನಿರ್ದೇಶಕರ ಕೋಣೆಗೆ ಹೋದಳು. ಕಣ್ಣು ಊದಿಕೊಂಡಿದ್ದವು, ದನಿ ಬಿದ್ದಿತ್ತು.

"ಮಗಳಿಗೆ ಬಿಲ್ಲೆ ಬ್ಯಾಡ ಸರ್," ಎಂದಳು.

ಕಾರಟಗಿಯವರು ಅವಳ ಕಿವಿಯ ಹಿಂದೆ ನೋಡಿದರು. "ತಗದೀರೇನು?" ಎಂದರು. ಕಿಟಕಿಯ ಕಡೆ ತಿರುಗಿದರು. "ನನ್ನ ಮಗ ಬೈಕ್ ಅಪಘಾತದಾಗ ಹೋದ. ಅವತ್ತು ಬಿಲ್ಲೆ ಇರದಿದ್ರ ನಾ ಈ ಕುರ್ಚಿ ಮ್ಯಾಲೆ ಇರ್ತಿರಲಿಲ್ಲ ಅನಸೂಯಾ. ಮನಿ ತೊಲಿಗೆ ಇರ್ತಿದ್ದೆ."

"ಖರೇ ಇರಬೇಕು ಸರ್," ಎಂದಳು ಅವಳು. ಅವರನ್ನು ಅವಳು ನಂಬಿದಳು. "ನಿಮ್ಮ ಮಗನ ಹೆಸರೇನ್ರಿ?"

ಅವರು ಬಾಯಿ ತೆರೆದರು. ಹೆಸರು ಹೇಳಿದರು. ಆ ಹೆಸರು ಅವರ ಬಾಯಿಂದ ಪಟ್ಟಿಯೊಳಗಿನ ಯಾವುದೋ ಹೆಸರಿನಂತೆ ಹೊರಬಂತು. ಅದು ಅವರಿಗೂ ಕೇಳಿಸಿರಬೇಕು. ಮೇಜಿನ ಮೇಲಿನ ಕಾಗದಗಳನ್ನು ಸರಿಪಡಿಸತೊಡಗಿದರು.

ಬಿಲ್ಲೆ ಇಲ್ಲದವರು ಪರದೆಯ ಮುಂದೆ ಕೂಡುವಂತಿಲ್ಲ. ಅನಸೂಯಾಳನ್ನು ಕೆಳಗಿನ ಅಂತಸ್ತಿಗೆ, ಹೊಸ ಬಿಲ್ಲೆಗಳನ್ನು ಪರೀಕ್ಷಿಸುವ ವಿಭಾಗಕ್ಕೆ ಹಾಕಿದರು. ಅಲ್ಲಿ ಕಿಟಕಿಗಳಿರಲಿಲ್ಲ, ಒಂಟಿ ಕೆಲಸ. ಅಳು ಬಂದರೆ ಅಳಬಹುದಿತ್ತು. ಕೆಲವು ದಿನ ಡಬ್ಬಿ ತೆರೆದು ಬಿಲ್ಲೆಯನ್ನು ಕಿವಿಯ ಹಿಂದೆ ಹಿಡಿದು ನೋಡಿದಳು. ಎರಡು ಸಲ ಹಚ್ಚಿಕೊಂಡೂ ಬಿಟ್ಟಳು. ಮನೆಗೆ ಹೋಗುವ ಮೊದಲು ಕಿತ್ತಳು.

ಜೂನ್ ತಿಂಗಳಲ್ಲಿ ಮಕ್ಕಳಿಗೂ ಬಿಲ್ಲೆ ಹಚ್ಚುವ ಕಾಯಿದೆ ಬಂತು. ತಾಯಿ ತಂದೆ ಬೇಡವೆಂದರೆ ಬಿಡಬಹುದಿತ್ತು. ಬೇಡವೆಂದವರು ಇಡೀ ಹುಬ್ಬಳ್ಳಿಯಲ್ಲಿ ಬೆರಳೆಣಿಕೆಯಷ್ಟು ಮಂದಿ.

ಅನಸೂಯಾಳನ್ನು ಸದಸ್ಯೆಯನ್ನಾಗಿ ಮಾಡಿಕೊಳ್ಳಬೇಕೆಂದು ಡಾಕ್ಟರು ಲಾಡ್ಜಿನ ಸಭೆಯಲ್ಲಿ ಕೇಳಿದರು. ಅಲ್ಲಿ ಮತ ಹಾಕುವುದು ಮಣಿಗಳಿಂದ, ಬಿಳಿಯದು ಹೌದು, ಕರಿಯದು ಇಲ್ಲ. ಒಂದೇ ಒಂದು ಕರಿ ಮಣಿ ಬಿದ್ದರೂ ಮುಗಿಯಿತು. ಡಬ್ಬಿ ತೆರೆದಾಗ ಬಿಳಿ ಮಣಿಗಳ ನಡುವೆ ಒಂದು ಕರಿ ಮಣಿ ಇತ್ತು. ಯಾರು ಹಾಕಿದರೆಂದು ಯಾರೂ ಕೇಳುವಂತಿಲ್ಲ, ಅನಸೂಯಾಳೂ ಕೇಳಲಿಲ್ಲ. ಬೇಸರವೇನೋ ಆಯಿತು. ಆದ ಬೇಸರ ಪೂರ್ತಿ ತನ್ನದೇ ಎಂಬುದು ಅವಳಿಗೆ ಹೊಸದಾಗಿತ್ತು.

ವೆಂಕೋಬಣ್ಣನಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ಬಾಗಿಲು ಕಾಯುವವರು ಸದಸ್ಯರೇ ಆಗಿರಬೇಕೆಂದು ನಿಯಮದಲ್ಲಿ ಎಲ್ಲೂ ಇಲ್ಲ ಎಂದು ಅವನೇ ಹೇಳಿದ. ಹಾಗಾಗಿ ಭಾನುವಾರಗಳಂದು ಅನಸೂಯಾ ಹೊರ ಜಗುಲಿಯಲ್ಲಿ ಕೂಡತೊಡಗಿದಳು. ಬಂದವರ ಬಿಲ್ಲೆಗಳನ್ನು ತೆಗೆದಿಟ್ಟುಕೊಳ್ಳುವುದು, ಹೋಗುವಾಗ ಮರಳಿ ಕೊಡುವುದು ಅವಳ ಕೆಲಸ. ಒಳಗಿನಿಂದ ಕೆಲವೊಮ್ಮೆ ನಗು ಕೇಳಿಸುತ್ತಿತ್ತು, ಕೆಲವೊಮ್ಮೆ ಯಾರೋ ಅಳುವುದು.

ಶ್ರಾವಣದ ಒಂದು ಭಾನುವಾರ ಚಿತ್ಕಲಾ ಅವಳ ಪಕ್ಕದ ಮೆಟ್ಟಿಲ ಮೇಲೆ ಕುಳಿತು ಗಣಿತ ಮಾಡುತ್ತಿದ್ದಳು. ಆ ದಿನ ಕಾರಣವೇ ಇಲ್ಲದೆ ಅನಸೂಯಾಳಿಗೆ ದುಃಖ ಬಹಳವಾಗಿತ್ತು. ಬೆಳಿಗ್ಗೆಯಿಂದ ಅನ್ನ ಇಳಿದಿರಲಿಲ್ಲ. ಮಡಿಲಲ್ಲಿ ಹನ್ನೊಂದು ಮಂದಿಯ ಬಿಲ್ಲೆಗಳಿದ್ದ ತಟ್ಟೆ ಹಿಡಿದು ರಸ್ತೆ ನೋಡುತ್ತಿದ್ದಳು. ಹನ್ನೊಂದನೆಯದು ಹೊಸಬರದು. ಕಾರಟಗಿಯವರು ಆ ದಿನ ಮೊದಲ ಸಲ ಅತಿಥಿಯಾಗಿ ಬಂದು, ಬಿಲ್ಲೆ ತೆಗೆದಿಟ್ಟು ಒಳಗೆ ಹೋಗಿದ್ದರು.

ಚಿತ್ಕಲಾ ಲೆಕ್ಕ ನಿಲ್ಲಿಸಿ ತಾಯಿಯನ್ನು ನೋಡಿದಳು.

"ಇವತ್ತ ಭಾಳ ಐತೇನವ್ವಾ?"

"ಭಾಳ ಐತಿ."

"ನನಗೂ," ಎಂದಳು ಹುಡುಗಿ.

ಪುಸ್ತಕ ಮುಚ್ಚಿ, ಮೆಟ್ಟಿಲ ಮೇಲೆ ಸರಿದು ಬಂದು, ತಾಯಿಯ ತೋಳಿಗೆ ತಲೆ ಆನಿಸಿದಳು. ಅದನ್ನು ಕಡಿಮೆ ಮಾಡಲು ಅವರಿಬ್ಬರಲ್ಲಿ ಯಾರೂ ಏನೂ ಮಾಡಲಿಲ್ಲ. ಒಳಗಿನವರು ಎದ್ದು ಬರುವವರೆಗೆ ಹಾಗೇ ಕುಳಿತಿದ್ದರು.